ಪೂರ್ತಿ ಅಂತ ಹೇಳಿ ಅರ್ಧ ಕಾದಂಬರಿ ಕಳಿಸಿದ್ದೀರಿ

ಗೆ,
ದೂರು ಪರಿಹಾರ ಅಧಿಕಾರಿಗಳು,
ನಾನು ಪುಸ್ತಕ ತರಿಸಿದ ಆನ್‌ಲೈನ್ ಅಂಗಡಿ

ವಿಷಯ: ಕಾದಂಬರಿಯ ಮೊದಲ ಭಾಗವನ್ನು ಪೂರ್ತಿ ಕಾದಂಬರಿ ಅಂತ ಮಾರಿದ್ದು, ಮೂರು ಪುಸ್ತಕದ ಡಬ್ಬಕ್ಕೆ ‘ಕಂಪ್ಲೀಟ್’ ಅಂತ ಹೆಸರಿಟ್ಟದ್ದು

ನಮಸ್ಕಾರ.

ನಿಮ್ಮ ಚಾಟ್‌ನಲ್ಲಿ ಈ ದೂರನ್ನು ಮೂರು ಸಲ ಹೇಳಿದ್ದೇನೆ. ಮೂರು ಸಲವೂ ‘ನಿಮ್ಮ ತೊಂದರೆ ನಮಗೆ ಅರ್ಥವಾಗುತ್ತದೆ’ ಅಂತ ಉತ್ತರ ಬಂತು. ಅರ್ಥವಾದ ಲಕ್ಷಣ ಮಾತ್ರ ಕಾಣಲಿಲ್ಲ. ಹಾಗಾಗಿ ಈ ಸಲ ಕೂತು ಉದ್ದಕ್ಕೇ ಬರೆಯುತ್ತಿದ್ದೇನೆ.

ನಾನು ಕಾಸರಗೋಡು ಜಿಲ್ಲೆಯವನು, ಬದಿಯಡ್ಕದ ಹತ್ತಿರ ಮನೆ. ಸೊಸೈಟಿಯಲ್ಲಿ ಕೆಲಸ, ಜೊತೆಗೆ ಸ್ವಲ್ಪ ಅಡಿಕೆ ತೋಟ. ಹದಿನೈದು ವರ್ಷದಿಂದ ಸೈನ್ಸ್ ಫಿಕ್ಷನ್, ಫ್ಯಾಂಟಸಿ ಸರಣಿಗಳ ಹುಚ್ಚು. ಮಂಗಳೂರಿಗೆ ಹೋದಾಗಲೆಲ್ಲ ಪುಸ್ತಕದಂಗಡಿಗೆ ನುಗ್ಗುತ್ತೇನೆ. ಅಲ್ಲಿ ಸರಣಿಯ ಎರಡನೆಯದು ಇರುತ್ತದೆ, ಐದನೆಯದೂ ಇರುತ್ತದೆ, ಒಂದನೆಯದು ಮಾತ್ರ ಇರುವುದೇ ಇಲ್ಲ. ಹಾಗಾಗಿ ನಿಮ್ಮಂಥವರೇ ಗತಿ.

ಮುಗಿಯದ ಸರಣಿಗೆ ಕೈ ಹಾಕಬಾರದು ಅಂತ ನನ್ನದೊಂದು ನಿಯಮ ಇತ್ತು. ಅದಕ್ಕೇ ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ‘ಎ ಸಾಂಗ್ ಆಫ್ ಐಸ್ ಆ್ಯಂಡ್ ಫೈರ್’ ಸರಣಿಯನ್ನು ಇಷ್ಟು ವರ್ಷ ದೂರ ಇಟ್ಟಿದ್ದೆ. ಟಿವಿಯಲ್ಲಿ ಬಂದದ್ದನ್ನೂ ಬೇಕೆಂದೇ ನೋಡಿಲ್ಲ. ಕಳೆದ ವರ್ಷ ನಿಯಮ ಮುರಿದೆ. 1996ರ ಮೊದಲ ಪುಸ್ತಕ, 1998ರ ಎರಡನೆಯದು, ಎರಡನ್ನೂ ನಿಮ್ಮಿಂದಲೇ ತರಿಸಿ ಓದಿದೆ. ಅದರಲ್ಲಿ ಏನೂ ತಕರಾರಿಲ್ಲ. ಜೂನ್‌ನಲ್ಲಿ ಮೂರನೆಯದಕ್ಕೆ ಆರ್ಡರ್ ಹಾಕಿದೆ, 2000ದಲ್ಲಿ ಬಂದ ‘ಎ ಸ್ಟಾರ್ಮ್ ಆಫ್ ಸ್ವೋರ್ಡ್ಸ್’. ನಿಮ್ಮ ಪುಟದಲ್ಲಿ ಇದ್ದದ್ದು ಅಷ್ಟೇ ಹೆಸರು. ಭಾಗ ಒಂದು ಅಂತ ಇಲ್ಲ, ಎರಡು ಅಂತ ಇಲ್ಲ. ಮುಖಪುಟದ ಚಿತ್ರ ಉಗುರಿನಷ್ಟು ದೊಡ್ಡದು, ದೊಡ್ಡದು ಮಾಡಿ ನೋಡಿದರೆ ಮಸುಕು.

ನಮ್ಮಲ್ಲಿ ಅದು ಅಡಿಕೆಗೆ ಮದ್ದು ಬಿಡುವ ಸಮಯ. ಹಗಲಿಗೆ ಪುರುಸೊತ್ತಿಲ್ಲ, ರಾತ್ರಿ ಕರೆಂಟಿಲ್ಲ. ಬಸ್ಸಿನಲ್ಲಿ ಸ್ವಲ್ಪ, ಎಮರ್ಜೆನ್ಸಿ ಲೈಟಿನಲ್ಲಿ ಸ್ವಲ್ಪ ಅಂತ ಓದಿ ಕೊನೆಯ ಹತ್ತಿರ ಬರುವಾಗ ಮೂರು ವಾರ ಆಗಿತ್ತು. ಆ ರಾತ್ರಿ ಜೋರು ಮಳೆ. ಕಥೆ ಹೆಡೆಯೆತ್ತಿ ನಿಂತಿದೆ, ಬಲಗೈಯಲ್ಲಿ ಇನ್ನೂ ಬೆರಳು ದಪ್ಪ ಪುಟ ಉಳಿದಿದೆ, ಇವತ್ತು ನಿದ್ದೆ ಇಲ್ಲ ಅಂತ ಖುಷಿಯಲ್ಲೇ ಪುಟ ತಿರುಗಿಸಿದರೆ ರಾಜರ ಪಟ್ಟಿ! ಅವರ ಮಕ್ಕಳು, ತಮ್ಮಂದಿರು, ಸೇವಕರು, ಸತ್ತವರು, ಬದುಕಿದವರು. ಮಾರ್ಟಿನ್ ಅವರ ಪುಸ್ತಕಗಳ ಕೊನೆಗೆ ಮನೆತನಗಳ ಪಟ್ಟಿ ಇರುತ್ತದೆ, ಅದು ನನಗೂ ಗೊತ್ತು. ಆದರೆ ಪಟ್ಟಿ ಬರಬೇಕಾದ್ದು ಕಥೆ ಮುಗಿದ ಮೇಲೆ ಅಲ್ವಾ? ಹಿಂದೆ ಮುಂದೆ ತಿರುಗಿಸಿ ನೋಡಿದೆ, ಪುಟ ಕಿತ್ತು ಹೋಗಿದೆಯಾ ಅಂತ ಹೊಲಿಗೆಯನ್ನೂ ನೋಡಿದೆ. ಆಮೇಲೆ ಮುಖಪುಟವನ್ನು ಲೈಟಿನ ಹತ್ತಿರ ಹಿಡಿದಾಗ ಕಂಡಿತು: ‘1: ಸ್ಟೀಲ್ ಆ್ಯಂಡ್ ಸ್ನೋ’.

ನಿಮ್ಮ ಸಿಬ್ಬಂದಿಗೆ ಗೊತ್ತಿರುವ ಹಾಗೆ ಕಾಣುವುದಿಲ್ಲ, ಆದ್ದರಿಂದ ಹೇಳುತ್ತೇನೆ. ಈ ಕಾದಂಬರಿ ತುಂಬ ದಪ್ಪ. ಅದಕ್ಕೇ ಬ್ರಿಟನ್ನಿನ ಪ್ರಕಾಶಕರು ಪೇಪರ್‌ಬ್ಯಾಕ್‌ನಲ್ಲಿ ಅದನ್ನು ಎರಡಾಗಿ ಕತ್ತರಿಸಿದ್ದಾರೆ. ಮೊದಲನೆಯದು ‘ಸ್ಟೀಲ್ ಆ್ಯಂಡ್ ಸ್ನೋ’, ಎರಡನೆಯದು ‘ಬ್ಲಡ್ ಆ್ಯಂಡ್ ಗೋಲ್ಡ್’. ನಮ್ಮ ದೇಶದಲ್ಲಿ ಸಿಗುವುದು ಹೆಚ್ಚಾಗಿ ಇದೇ. 2011ರ ‘ಎ ಡ್ಯಾನ್ಸ್ ವಿತ್ ಡ್ರ್ಯಾಗನ್ಸ್’ ಕೂಡ ಹೀಗೆಯೇ ಎರಡು ಭಾಗ. ಕತ್ತರಿಸಿದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಟೋಲ್ಕಿನ್ ಅವರ ‘ಲಾರ್ಡ್ ಆಫ್ ದ ರಿಂಗ್ಸ್’ ಕೂಡ ಒಂದೇ ಕಾದಂಬರಿ, 1954–55ರಲ್ಲಿ ಅದು ಮೂರು ಸಂಪುಟವಾಗಿ ಬಂದದ್ದಕ್ಕೆ ಕಾರಣ ಕಾಗದ ಮತ್ತು ಖರ್ಚು. ಆದರೆ ಆ ಮೂರಕ್ಕೂ ಬೇರೆ ಬೇರೆ ಹೆಸರು ಇದೆ, ಯಾವುದು ಮೊದಲು ಅಂತ ಎಲ್ಲರಿಗೂ ಗೊತ್ತು. ಇಲ್ಲಿ ಮುಖಪುಟದ ಮೇಲೆ ಪ್ರಕಾಶಕರು ಪ್ರಾಮಾಣಿಕವಾಗಿಯೇ ‘1’ ಅಂತ ಹಾಕಿದ್ದಾರೆ. ಅದನ್ನು ಅಳಿಸಿದವರು ನೀವು.

ಇನ್ನು ನಿಮ್ಮ ಪುಟದ ಕೆಳಗಿನ ವಿಮರ್ಶೆಗಳು. ಎಲ್ಲ ಆವೃತ್ತಿಗಳ ವಿಮರ್ಶೆಗಳನ್ನೂ ಒಂದೇ ಪಾತ್ರೆಗೆ ಸುರಿದಿದ್ದೀರಿ. ಪೂರ್ತಿ ಓದಿದವರು, ಅರ್ಧ ಓದಿದವರು, ಕಿಂಡಲ್‌ನಲ್ಲಿ ಓದಿದವರು ಎಲ್ಲ ಅಲ್ಲೇ. ಅದರಲ್ಲಿ ಎಲ್ಲರೂ ಒಂದು ಮದುವೆಯ ಬಗ್ಗೆ ಬರೆದಿದ್ದಾರೆ. ಒಬ್ಬರು ಪುಸ್ತಕವನ್ನು ಗೋಡೆಗೆ ಎಸೆದರಂತೆ, ಇನ್ನೊಬ್ಬರು ಒಂದು ವಾರ ಮುಟ್ಟಲಿಲ್ಲವಂತೆ. ನನಗೆ ಬಂದ ಭಾಗದಲ್ಲೂ ಒಂದು ಮದುವೆ ಇದೆ. ಬೇಸರದ ಮದುವೆಯೇ. ಆದರೆ ಪುಸ್ತಕ ಎಸೆಯುವಂಥದ್ದಲ್ಲ. ಹಾಗಾದರೆ ಅವರು ಹೇಳುವ ಮದುವೆ ನನ್ನ ಪುಸ್ತಕದಲ್ಲಿ ಇಲ್ಲ! ಊಟಕ್ಕೆ ಕರೆದು ಎಲೆ ಹಾಕಿ, ಉಪ್ಪು, ಉಪ್ಪಿನಕಾಯಿ, ಪಲ್ಯ ಬಡಿಸಿ, ಅನ್ನ ಬರುವ ಮೊದಲು ಏಳಿ ಅಂದ ಹಾಗಾಯಿತು.

ಊಟದ ಮಾತು ಹಿಡಿಸದಿದ್ದರೆ ನಮ್ಮೂರಿನ ಇನ್ನೊಂದು ಹೇಳುತ್ತೇನೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ನಮಗೆ ದೂರ ಅಲ್ಲ, ನಾವೆಲ್ಲ ಯಕ್ಷಗಾನದ ಆಟ ನೋಡಿ ಬೆಳೆದವರು. ‘ದೇವಿ ಮಹಾತ್ಮೆ’ ಆಟಕ್ಕೆ ಹೋದ ಮಗು ಕಾಯುವುದು ಮಹಿಷಾಸುರನಿಗೆ. ಅವನು ರಂಗದ ಹಿಂದಿನಿಂದ ಬರುವುದಿಲ್ಲ, ಜನರ ನಡುವಿನಿಂದ ದೊಂದಿ, ರಾಳದ ಬೆಂಕಿ, ಚೆಂಡೆ ಎಲ್ಲ ಸೇರಿ ಬರುತ್ತಾನೆ, ಮಲಗಿದ ಮಕ್ಕಳನ್ನು ಅಪ್ಪ ಅಮ್ಮ ಎಬ್ಬಿಸುತ್ತಾರೆ. ನೀವು ಮಾಡಿದ್ದು ಮಧು ಕೈಟಭರ ವಧೆ ಆದ ಕೂಡಲೇ ಮೈಕು ಬಿಚ್ಚಿದ ಕೆಲಸ. ‘ಮಹಿಷಾಸುರ ಬೇಕಾ, ಅದಕ್ಕೆ ಬೇರೆ ಟಿಕೆಟು.’ ಅಂದ ಹಾಗೆ, ಫ್ಯಾಂಟಸಿ ಅಂದರೆ ನಮ್ಮದಲ್ಲದ್ದು ಅಂತ ಹೇಳುವವರನ್ನು ಕಂಡರೆ ನನಗೆ ನಗು ಬರುತ್ತದೆ. ಒಂದೊಂದು ತೊಟ್ಟು ರಕ್ತದಿಂದ ಒಬ್ಬೊಬ್ಬ ಹುಟ್ಟುವ ರಕ್ತಬೀಜನನ್ನು ಎಂಟು ವರ್ಷಕ್ಕೇ ನೋಡಿದವರಿಗೆ ಡ್ರ್ಯಾಗನ್ ಏನು ದೊಡ್ಡ ವಿಷಯ!

ಪುಸ್ತಕ ವಾಪಸ್ ಮಾಡಬೇಕು ಅಂದಾಗ ನೀವು ಹೇಳಿದ್ದು ಎರಡು ಮಾತು. ಒಂದು, ಏಳು ದಿನದ ಗಡುವು ಮುಗಿದಿದೆ. ಎರಡು, ಪುಸ್ತಕ ಓದಿದ ಸ್ಥಿತಿಯಲ್ಲಿದೆ. ಸ್ವಾಮಿ, ಅರ್ಧ ಪುಸ್ತಕ ಅಂತ ಗೊತ್ತಾಗಬೇಕಾದರೆ ಆ ಅರ್ಧ ಓದಿ ಮುಗಿಯಬೇಕು. ಏಳು ದಿನದಲ್ಲಿ ಅಷ್ಟು ಓದಲು ನನಗೇನು ಪರೀಕ್ಷೆಯಾ? ಆಮೇಲೆ ನಿಮ್ಮ ಹುಡುಗನೊಬ್ಬ, ಪಾಪ ಒಳ್ಳೆಯವನೇ, ‘ಸರ್, ಎರಡನೇ ಭಾಗವನ್ನೂ ಕೊಂಡುಕೊಳ್ಳಿ, ಆ ಮದುವೆಯಲ್ಲಿ ಏನಾಗುತ್ತದೆ ಅಂದರೆ’ ಅಂತ ಟೈಪ್ ಮಾಡಲು ಶುರು ಮಾಡಿದ. ನಾನು ಹೆದರಿ ಫೋನನ್ನೇ ಆಫ್ ಮಾಡಿದೆ.

ಅದೇ ಆರ್ಡರಿನಲ್ಲಿ ಬಂದ ಎರಡನೇ ಐಟಂ ಐಸಾಕ್ ಅಸಿಮೋವ್ ಅವರ ಸೈನ್ಸ್ ಫಿಕ್ಷನ್ ಸರಣಿ ‘ಫೌಂಡೇಶನ್’. ನಿಮ್ಮ ಪುಟದಲ್ಲಿ ‘ಕಂಪ್ಲೀಟ್ ಸೀರೀಸ್’ ಅಂತ ಇತ್ತು, ಬಂದ ಡಬ್ಬದಲ್ಲಿ ಇದ್ದದ್ದು ಮೂರು. 1951, 52, 53ರವು. ಅಸಿಮೋವ್ ಬರೆದದ್ದು ಏಳು. ಮೂವತ್ತು ವರ್ಷ ಬಿಟ್ಟು 1982ರಲ್ಲಿ ನಾಲ್ಕನೆಯದು ಬರೆದರು, 1986ರಲ್ಲಿ ಐದನೆಯದು, ಆಮೇಲೆ ಹಿಂದಿನ ಕಥೆ ಹೇಳುವ ಎರಡು. ಕೊನೆಯದು ಅಚ್ಚಾಗಿ ಬಂದದ್ದು 1993ರಲ್ಲಿ, ಅಷ್ಟರಲ್ಲಿ ಅವರು ತೀರಿಹೋಗಿದ್ದರು.

ನನ್ನ ಅಭಿಪ್ರಾಯ ಕೇಳಿದರೆ ಆ ಮೊದಲ ಮೂರೇ ಸಾಕು. ನಿಜವಾಗಿಯೂ. ಮುಂದಾಗುವುದನ್ನು ಲೆಕ್ಕ ಹಾಕಿ ಹೇಳುವ ಗಣಿತಜ್ಞ ಹರಿ ಸೆಲ್ಡನ್, ಸತ್ತು ಎಷ್ಟೋ ಕಾಲ ಆದ ಮೇಲೆ, ಮೊದಲೇ ಗೊತ್ತು ಮಾಡಿದ ದಿನಕ್ಕೆ ಸರಿಯಾಗಿ ರೆಕಾರ್ಡಿಂಗಿನಲ್ಲಿ ಎದ್ದು ಬಂದು ‘ನಿಮಗೆ ಈಗ ಇಂಥ ಕಷ್ಟ ಬಂದಿರಬೇಕು’ ಅಂತ ಹೇಳುವುದು, ಆಮೇಲೆ ಒಂದು ಸಲ ಅವನ ಲೆಕ್ಕವೇ ತಪ್ಪಿ ಅವನು ಬೇರೇನೋ ಮಾತಾಡುತ್ತ ಕೂತಿರುವುದು, ಆಗ ಅಲ್ಲಿ ಸೇರಿದ ಜನರ ಮುಖ! ಅದನ್ನು ಓದುವಾಗ ನನ್ನ ಚಹಾ ಆರಿ ಹೋಗಿತ್ತು. ನಂತರ ಬರೆದ ದೊಡ್ಡ ದೊಡ್ಡ ಪುಸ್ತಕಗಳಲ್ಲಿ ಮಾತು ಜಾಸ್ತಿ, ಆ ಬಿಗಿ ಇಲ್ಲ. ಆದರೆ ಮೂರು ಸಾಕೋ ಏಳು ಬೇಕೋ ಅಂತ ತೀರ್ಮಾನ ಮಾಡಬೇಕಾದವನು ಓದಿದವನು, ಮಾರುವವರಲ್ಲ. ಮೂರು ಕೊಡುವುದಾದರೆ ಮೂರು ಅಂತ ಬರೆಯಿರಿ. ಸೊಸೈಟಿಯಲ್ಲಿ ನಾನು ಮೂರು ಕ್ವಿಂಟಲ್ ಅಡಿಕೆ ತೂಗಿ ಏಳು ಅಂತ ಬರೆದರೆ ಮರುದಿನ ಕೆಲಸದಲ್ಲಿ ಇರುವುದಿಲ್ಲ.

ಅದಕ್ಕಿಂತ ತಮಾಷೆ ಅಂದರೆ ನಿಮ್ಮ ಇನ್ನೊಂದು ಪುಟ. ಅಲ್ಲಿ 1988ರಲ್ಲಿ ಬಂದ ‘ಪ್ರಿಲ್ಯೂಡ್ ಟು ಫೌಂಡೇಶನ್’ ಅನ್ನು ಸರಣಿಯ ಒಂದನೆಯದು ಅಂತ ಹಾಕಿದ್ದೀರಿ. ಕಥೆಯ ಕಾಲದ ಲೆಕ್ಕದಲ್ಲಿ ಅದು ಮೊದಲು ಬರುತ್ತದೆ, ಸರಿ. ಆದರೆ ಹೊಸದಾಗಿ ಓದುವವರು ಅಲ್ಲಿಂದ ಶುರು ಮಾಡಿದರೆ ಸೆಲ್ಡನ್ ಏನು ಅಂತ ಗೊತ್ತಾಗುವ ಮೊದಲೇ ಅವನ ಯೌವನ ಓದಬೇಕಾಗುತ್ತದೆ. ಬರೆದ ಕ್ರಮದಲ್ಲೇ ಓದಬೇಕು, ಈ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಅಕ್ಕನ ಮಗನಿಗೆ ಸಿ. ಎಸ್. ಲೂಯಿಸ್ ಅವರ ಮಕ್ಕಳ ಫ್ಯಾಂಟಸಿ ಸರಣಿ ‘ನಾರ್ನಿಯಾ’ದ ಏಳು ಪುಸ್ತಕ ತರಿಸಿದಾಗಲೂ ಇದೇ ಕಥೆ. ಈಗಿನ ಸೆಟ್ಟುಗಳಲ್ಲಿ ‘ದ ಮೆಜಿಶಿಯನ್ಸ್ ನೆಫ್ಯೂ’ಗೆ 1 ಅಂತ ನಂಬರ್ ಇರುತ್ತದೆ, ಅದು ಬಂದದ್ದು 1955ರಲ್ಲಿ, ಆರನೆಯದಾಗಿ. ಇದಕ್ಕೆ ನಿಮ್ಮನ್ನು ಬೈಯುವುದಿಲ್ಲ, ನಂಬರ್ ಹಾಕಿದ್ದು ಪ್ರಕಾಶಕರು, ಲೇಖಕರೂ ಒಬ್ಬ ಹುಡುಗನಿಗೆ ಬರೆದ ಪತ್ರದಲ್ಲಿ ಆ ಕ್ರಮ ಒಪ್ಪಿದ್ದರು. ನಾನು ಮಾತ್ರ ಒಂದನೆಯದನ್ನು ಅಡಗಿಸಿಟ್ಟು 1950ರ ‘ದ ಲಯನ್, ದ ವಿಚ್ ಆ್ಯಂಡ್ ದ ವಾರ್ಡ್‌ರೋಬ್’ ಅನ್ನೇ ಮೊದಲು ಕೊಟ್ಟೆ. ಕಪಾಟಿನೊಳಗೆ ಹೋದರೆ ಹಿಮ, ಹಿಮದ ನಡುವೆ ಸುಮ್ನೆ ಒಂದು ದೀಪದ ಕಂಬ. ಅದು ಅಲ್ಲಿಗೆ ಹೇಗೆ ಬಂತು ಅಂತ ಗೊತ್ತಿಲ್ಲದಿರುವುದೇ ಅದರ ಚಂದ. ಹುಡುಗ ಎರಡು ದಿನ ‘ಮಾವ, ಆ ಕಂಬಕ್ಕೆ ಕರೆಂಟ್ ಎಲ್ಲಿಂದ?’ ಅಂತ ತಲೆ ತಿಂದ. ಉತ್ತರ ಮೊದಲೇ ಗೊತ್ತಿದ್ದರೆ ಅವನು ಕೇಳುತ್ತಲೇ ಇರಲಿಲ್ಲ.

ಇಷ್ಟೆಲ್ಲ ಯಾಕೆ ಹೇಳುತ್ತೇನೆ ಅಂದರೆ, ಸರಣಿಯಲ್ಲಿ ಯಾವುದು ಎಷ್ಟನೆಯದು, ಒಟ್ಟು ಎಷ್ಟು ಅನ್ನುವುದೂ ನೀವು ಮಾರುವ ವಸ್ತುವಿನ ಭಾಗವೇ. ಎಡಗಾಲಿನ ಚಪ್ಪಲಿ ಒಂದನ್ನೇ ಕಳಿಸಿ ‘ಒಳ್ಳೆಯ ಚರ್ಮ, ನಿಮ್ಮದೇ ಅಳತೆ, ತಪ್ಪೇನಿದೆ’ ಅಂದರೆ ಆಗುತ್ತದಾ? ಮಾರ್ಟಿನ್ 2011ರ ನಂತರ ಆರನೆಯದನ್ನು ಮುಗಿಸಿ ಕೊಟ್ಟಿಲ್ಲ, ಅದಕ್ಕೆ ಬೇಸರ ಇದೆ. ಆದರೆ ಕಥೆಯನ್ನು ನಡುವೆ ನಿಲ್ಲಿಸುವ ಹಕ್ಕು ಬರೆದವರದ್ದು. ನಿಮ್ಮದಲ್ಲ.

ಇನ್ನೊಂದು ವಿಷಯ. ನಿಮ್ಮ ಆ್ಯಪಿನಲ್ಲಿ ಕನ್ನಡ ಇದೆ. ಬೆಂಗಳೂರಿನ ಗೆಳೆಯನ ಫೋನಿನಲ್ಲಿ ನೋಡಿದ್ದೇನೆ. ನಾನು ಸಹಾಯ ಕೇಳಿದರೆ ನನ್ನ ಪಿನ್‌ಕೋಡ್ ನೋಡಿ ಇಂಗ್ಲಿಷ್ ಮತ್ತು ಮಲಯಾಳ ಮಾತ್ರ ತೋರಿಸುತ್ತದೆ. ಮಲಯಾಳ ನನಗೆ ಚೆನ್ನಾಗಿಯೇ ಬರುತ್ತದೆ, ಕೊರಿಯರ್ ಹುಡುಗನ ಹತ್ತಿರ ದಿನಾ ಮಾತಾಡುವುದು ಅದರಲ್ಲೇ, ಆ ಬಗ್ಗೆ ಜಗಳ ಇಲ್ಲ. ಆದರೆ 1956ರ ನವೆಂಬರ್ 1ಕ್ಕೆ ಗಡಿ ಎಳೆದಾಗ ಜಿಲ್ಲೆ ಬದಲಾಯಿತು, ಮನೆಯೊಳಗಿನ ಮಾತು ಬದಲಾಗಲಿಲ್ಲ. ರಾಜ್ಯ ಕೇರಳ, ಭಾಷೆ ಕನ್ನಡ. ಇವೆರಡು ಒಂದೇ ವಿಳಾಸದಲ್ಲಿ ಇರಬಹುದು ಅಂತ ನಿಮ್ಮ ಸಾಫ್ಟ್‌ವೇರ್ ಬರೆದವರಿಗೆ ಯಾರಾದರೂ ಹೇಳಿ.

ಈಗ ನನಗೆ ಬೇಕಾದ್ದು. ‘ಬ್ಲಡ್ ಆ್ಯಂಡ್ ಗೋಲ್ಡ್’ ಅನ್ನು ನಿಮ್ಮ ಖರ್ಚಿನಲ್ಲಿ ಕಳಿಸಿ, ಅದೂ ಇದೇ ಪ್ರಕಾಶಕರದ್ದು, ಇದೇ ಅಳತೆಯದ್ದು. ಕಪಾಟಿನಲ್ಲಿ ಒಂದು ಉದ್ದ ಒಂದು ಗಿಡ್ಡ ನಿಂತರೆ ನನಗೆ ಆಗುವುದಿಲ್ಲ, ಸರಣಿ ಓದುವವರ ಈ ರೋಗ ನಿಮಗೂ ಗೊತ್ತಿರಬೇಕು. ಅದು ಆಗದಿದ್ದರೆ ಪೂರ್ತಿ ದುಡ್ಡು ವಾಪಸ್ ಕೊಡಿ. ಫೌಂಡೇಶನ್ ಡಬ್ಬ ನಾನೇ ಇಟ್ಟುಕೊಳ್ಳುತ್ತೇನೆ, ಆದರೆ ಪುಟದಿಂದ ‘ಕಂಪ್ಲೀಟ್’ ತೆಗೆಯಿರಿ. ಎರಡು ಭಾಗದ ಪುಸ್ತಕಗಳ ಹೆಸರಿನ ಪಕ್ಕದಲ್ಲೇ ಭಾಗದ ನಂಬರ್ ಹಾಕಿ.

‘ನಾವು ಜಾಗ ಕೊಡುವವರು ಮಾತ್ರ, ಮಾರುವವರು ಬೇರೆ’ ಅಂತ ಮತ್ತೆ ಬರೆಯಬೇಡಿ. 2020ರ ಇ-ಕಾಮರ್ಸ್ ನಿಯಮಗಳನ್ನು ನಾನೂ ಓದಿದ್ದೇನೆ. ಜಾಹೀರಾತಿನಲ್ಲಿ ಹೇಳಿದ ಹಾಗೆ ಇಲ್ಲದ ವಸ್ತುವನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ ಅನ್ನುವ ಹಾಗಿಲ್ಲ. ದೂರು ಬಂದ 48 ಗಂಟೆಯೊಳಗೆ ಅದು ಸಿಕ್ಕಿದೆ ಅಂತ ನೀವು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು. ಇಲ್ಲದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇನೆ, ಅದೂ ಆಗದಿದ್ದರೆ ಕಾಸರಗೋಡಿನ ಗ್ರಾಹಕ ಆಯೋಗ ಇದೆ. 2019ರ ಕಾನೂನಿನ ಪ್ರಕಾರ ಗ್ರಾಹಕ ಇರುವ ಊರಿನಲ್ಲೇ ಕೇಸು ಹಾಕಬಹುದು, ಐದು ಲಕ್ಷದವರೆಗೆ ಫೀಸೂ ಇಲ್ಲ. ಇಷ್ಟಕ್ಕೆ ಅಲ್ಲಿವರೆಗೆ ಹೋಗುವ ಮನಸ್ಸು ನನಗಿಲ್ಲ. ಆದರೆ ಮಳೆಗಾಲ ಉದ್ದ ಇದೆ, ಓದಲು ಪುಸ್ತಕವೂ ಇಲ್ಲ.

ಆರ್ಡರ್ ನಂಬರ್, ಬಿಲ್ಲು, ನಿಮ್ಮ ಪುಟದ ಸ್ಕ್ರೀನ್‌ಶಾಟ್, ಮುಖಪುಟದ ‘1’ ಕಾಣುವ ಫೋಟೋ ಎಲ್ಲ ಇದರ ಜೊತೆಗಿದೆ. ಕನ್ನಡದಲ್ಲಿ ಉತ್ತರ ಬಂದರೆ ಸಂತೋಷ. ಯಾವ ಭಾಷೆಯಲ್ಲಿ ಬರೆದರೂ ದಯವಿಟ್ಟು ಆ ಮದುವೆಯ ವಿಷಯ ಮಾತ್ರ ಎತ್ತಬೇಡಿ.

ಇತಿ,
ಬದಿಯಡ್ಕ ಕಡೆಯ ನಿಮ್ಮ ಗ್ರಾಹಕ