ಶಾಲೆಯಿಂದ ಬಂದ ಚೀಟಿ

ಗದಗ

ಪ್ರಿಯ ಗೆಳೆಯ,

ಶಾಲೆಯಿಂದ ಬಂದ ಲಸಿಕೆಯ ಚೀಟಿಗೆ ಸಹಿ ಹಾಕಲೋ ಬೇಡವೋ ಎಂದು ನೀನು ಕೇಳಿದಾಗ ಫೋನಿನಲ್ಲಿ ಸರಿಯಾಗಿ ಉತ್ತರಿಸಲಿಲ್ಲ. ಅಂಗಡಿಯಲ್ಲಿ ಗಿರಾಕಿಗಳಿದ್ದರು. ನಾಚಿಕೆಯೂ ಇತ್ತು ಎನ್ನು.

2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ನಡೆಯಿತಲ್ಲ, 9 ತಿಂಗಳಿನಿಂದ 15 ವರ್ಷದೊಳಗಿನ ಮಕ್ಕಳಿಗೆಲ್ಲ? ಮಗ ಆಗ ಒಂದನೆಯ ತರಗತಿ. ವಾಟ್ಸ್ಆಪ್‌ನಲ್ಲಿ ಯಾರೋ ಹೆದರಿಸಿದ್ದನ್ನು ಕೇಳಿ, ಬಿ.ಎಸ್ಸಿ. ಓದಿದ ನಾನು, ಅವನನ್ನು ಬೆಳಗಿನ ಬಸ್ಸಿಗೆ ಲಕ್ಷ್ಮೇಶ್ವರಕ್ಕೆ, ಅವನ ಅಜ್ಜಿಯ ಮನೆಗೆ ಸಾಗಿಸಿಬಿಟ್ಟೆ. ಶಾಲೆಗೆ ಹೊಟ್ಟೆನೋವಿನ ನೆಪ. ಕೆಲವು ದಿನಗಳ ಮೇಲೆ ಆಶಾ ಕಾರ್ಯಕರ್ತೆ ಬಾಗಿಲಿಗೆ ಬಂದರು. ಬೈಯಲಿಲ್ಲ. ಮಗನ ಎಡಗೈ ಹಿಡಿದು ಹೆಬ್ಬೆರಳಿನ ಉಗುರು ನೋಡಿದರು. ಲಸಿಕೆ ಹಾಕಿಸಿಕೊಂಡ ಮಕ್ಕಳಿಗೆ ಅಲ್ಲಿ ಇಡುವ ಶಾಯಿಯ ಗುರುತಿರಲಿಲ್ಲ. ನನ್ನ ಮುಖ ನೋಡಿದರು, ಅಷ್ಟೇ. ಮರುದಿನ ನಾನೇ ಕರೆದುಕೊಂಡು ಹೋಗಿ ಹಾಕಿಸಿದೆ.

ಈ ಸಲ ಮಗಳ ಸರದಿ. ಚೀಟಿಯಲ್ಲಿ ‘ಚುಚ್ಚುಮದ್ದು ಹಾಕಲಾಗುವುದು, ಒಪ್ಪಿಗೆ ಇದೆ/ಇಲ್ಲ’ ಎಂದಷ್ಟೇ ಇತ್ತು. ಯಾವ ಮದ್ದು, ಯಾತಕ್ಕೆ, ಒಂದಕ್ಷರವಿಲ್ಲ. ಹೀಗೆ ಬರೆದು ಕಳಿಸಿದರೆ ವಾಟ್ಸ್ಆಪ್‌ನವರ ಮಾತು ನಡೆಯದೆ ಇನ್ನೇನು? ಮಕ್ಕಳ ಲಸಿಕೆಗಳನ್ನು ಬರೆದಿಡುವ ತಾಯಿ ಕಾರ್ಡ್ ಹಿಡಿದು ಆರೋಗ್ಯ ಕೇಂದ್ರಕ್ಕೇ ಹೋದೆ. ಅದು ಟಿಡಿ ಲಸಿಕೆಯಂತೆ, ಧನುರ್ವಾಯು ಮತ್ತು ಗಂಟಲುಮಾರಿಗೆ. ಎಳವೆಯಲ್ಲಿ ಹಾಕಿಸಿದ್ದರ ಬಲ ಕುಂದುತ್ತ ಬರುವುದರಿಂದ 10ನೇ ವಯಸ್ಸಿನಲ್ಲಿ ಒಂದು, 16ರಲ್ಲಿ ಇನ್ನೊಂದು. ಸಿಸ್ಟರ್ ಸೀಸೆಯನ್ನೂ ತೋರಿಸಿದರು. ಅದರ ಮೇಲೊಂದು ಪುಟ್ಟ ವೃತ್ತ, ಒಳಗೆ ತಿಳಿ ಬಣ್ಣದ ಚೌಕ. ಬಿಸಿ ತಾಗಿದಷ್ಟೂ ಚೌಕ ಕಪ್ಪಾಗುತ್ತದೆ. ವೃತ್ತದಷ್ಟೇ ಕಪ್ಪಾದರೆ ಆ ಸೀಸೆಯನ್ನು ಬಳಸುವಂತಿಲ್ಲ.

“ಎಲ್ಲರ ಮಕ್ಕಳೂ ಹಾಕಿಸಿಕೊಂಡರೆ ನಮ್ಮದೊಂದು ಬಿಟ್ಟರೇನು” ಎಂದೆಯಲ್ಲ, ಗಂಟಲುಮಾರಿ ಒಬ್ಬರಿಂದೊಬ್ಬರಿಗೆ ಹರಡುವಂಥದ್ದು, ಅಲ್ಲಿ ಆ ಲೆಕ್ಕ ಅಷ್ಟಿಷ್ಟು ನಡೆದೀತು. ಧನುರ್ವಾಯು ಹಾಗಲ್ಲ, ಅದರ ಬೀಜ ಮಣ್ಣಿನಲ್ಲೇ ಇರುತ್ತದೆ. ಎರೆಹೊಲದಲ್ಲಿ ನಿನ್ನ ಮಗನ ಕಾಲಿಗೆ ಜೋಳದ ಕೂಳೆ ಚುಚ್ಚಿದರೆ, ಊರಿನ ಮಕ್ಕಳೆಲ್ಲ ಹಾಕಿಸಿಕೊಂಡ ಲಸಿಕೆ ಅವನಿಗೆ ಏನು ಮಾಡೀತು?

ಲಸಿಕೆ ಹಾಕಿಸಿದ ರಾತ್ರಿ ಮಗಳಿಗೆ ಸ್ವಲ್ಪ ಮೈ ಬೆಚ್ಚಗಾಗಿತ್ತು. ಚುಚ್ಚಿದ್ದು ಎಡತೋಳಿಗೆ, ಅವಳು ಬರೆಯುವುದು ಬಲಗೈಯಲ್ಲಿ. ಆದರೂ ಕೈನೋವೆಂದು ಎರಡು ದಿನ ಮನೆಪಾಠ ಮುಟ್ಟಲಿಲ್ಲ, ಗಿರ್ಮಿಟ್ ತಿನ್ನಲು ಮಾತ್ರ ಅದೇ ಬಲಗೈ ಚುರುಕಾಗಿತ್ತು.

ನಿನ್ನ ಮಗನನ್ನು ಹಸಿದ ಹೊಟ್ಟೆಯಲ್ಲಿ ಕಳುಹಿಸಬೇಡ. ಹಿಂದೆ ಯಾವುದಾದರೂ ಲಸಿಕೆ ಒಗ್ಗದೆ ತೊಂದರೆಯಾಗಿದ್ದರೆ ಲಸಿಕೆ ಹಾಕುವವರಿಗೆ ಮೊದಲೇ ಹೇಳು. ತಾಯಿ ಕಾರ್ಡ್ ಸಿಗದಿದ್ದರೆ ರೇಷನ್ ಕಾರ್ಡಿನ ಕವರಿನಲ್ಲಿ ನೋಡು, ನಮ್ಮದು ಅಲ್ಲೇ ಇತ್ತು.

ನಿನ್ನ ಗೆಳೆಯ