ಭಾನುವಾರ ಕಾಂಕ್ರೀಟ್ ಹಾಕುವ ಮಗಳಿಗೆ

ಪುಟ್ಟಿ,

ಫೋನಲ್ಲಿ ಮಾತಾಡಿದರೆ ಮತ್ತೆ ಜಗಳವೇ. ಅದಕ್ಕೆ ಬರೆದು, ಫೋಟೋ ತೆಗೆದು ಕಳಿಸುತ್ತಿದ್ದೇನೆ. "ಮಗಳು ಮನೆ ಕಟ್ತೀನಿ ಅಂದ್ರೆ ಹಿಂಗಾ ಗದರೋದು?" ಅಂತ ನಿಮ್ಮಮ್ಮ ನನಗೇ ಬೈದಳು. ಸ್ನೇಹಿತರನ್ನು ಸೇರಿಸಿಕೊಂಡು ನೀವೇ ಗೋಡೆಗೆ ಕಾಂಕ್ರೀಟ್ ಹಾಕ್ತೀವಿ ಅಂದಾಗ ಗದರಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಹೇಳಿದ ಮಾತು ಮಾತ್ರ ಹೇಳಿದ್ದೇ.

ಇಟ್ಟಿಗೆ ಗೋಡೆಯಾಗಿದ್ದರೆ ನಾನು ಬಾಯಿ ಹಾಕುತ್ತಿರಲಿಲ್ಲ. ತಪ್ಪಾದರೆ ಕಿತ್ತು ಮತ್ತೆ ಕಟ್ಟಬಹುದು. ನಿಮ್ಮದು ಇಳಿಜಾರು ಸೈಟು, ಮಣ್ಣು ತಡೆಯಲು ಕಾಂಕ್ರೀಟ್ ಗೋಡೆ ಬೇಕು ಅಂತ ಇಂಜಿನಿಯರ್ ಹೇಳಿದ್ದು ಸರಿಯೇ. ಆದರೆ ಹತ್ತಡಿ ಎತ್ತರ! ಹಸಿ ಕಾಂಕ್ರೀಟು ಘನ ಮೀಟರಿಗೆ ಸುಮಾರು 2400 ಕಿಲೋ. ಗಟ್ಟಿಯಾಗುವ ತನಕ ಎರಡೂ ಪಕ್ಕ ನಿಲ್ಲಿಸಿದ ಹಲಗೆಗಳನ್ನು ತಳ್ಳುತ್ತಲೇ ಇರುತ್ತದೆ. ಒಂದೇ ಉಸಿರಿಗೆ ಮೇಲಿನವರೆಗೂ ತುಂಬಿದರೆ ಬುಡದಲ್ಲಿ ಚದರ ಮೀಟರಿಗೆ 7 ಟನ್ ಬೀಳುತ್ತದೆ. "ಕನ್ನಂಬಾಡಿಯನ್ನೇ ಕಟ್ಟಿದ ಊರು ನಮ್ದು" ಅಂದೆಯಲ್ಲ, ಅದು 1911ರಿಂದ ವರ್ಷಗಟ್ಟಲೆ ಕಲ್ಲು ಜೋಡಿಸಿ, ಸುಣ್ಣಕ್ಕೆ ಇಟ್ಟಿಗೆ ಪುಡಿ ಕಲಸಿದ ಸುರ್ಕಿ ಗಾರೆಯಲ್ಲಿ ಕಟ್ಟಿದ್ದು. ಒಂದು ಭಾನುವಾರದಲ್ಲಿ ಸುರಿದದ್ದಲ್ಲ.

ನಾನು ಮೇಸ್ತ್ರಿ ಆಗುವ ಮೊದಲು ಮದ್ದೂರು ಕಡೆ ಒಂದು ತೊಟ್ಟಿಯ ಗೋಡೆ ಹಾಕುತ್ತಿದ್ದೆವು. ಮಳೆಗೆ ಮೊದಲೇ ಮುಗಿಸಬೇಕು ಅಂತ ಕಂಟ್ರಾಕ್ಟರಿಗೆ ಆತುರ. ಕಾಂಕ್ರೀಟ್ ಕಲಸುವ ಮಿಲ್ಲರ್ ಯಂತ್ರ ನಿಲ್ಲಿಸದೆ ಒಂದೇ ಕಡೆ ಸುರಿಸಿದ. ಮೊದಲು ಬುಡದ ಸಂದಿಯಲ್ಲಿ ಸಿಮೆಂಟ್ ಹಾಲು ಜಿನುಗಿತು. ಒಬ್ಬ ಹುಡುಗ ಕುಕ್ಕರಗಾಲಲ್ಲಿ ಕೂತು ಸಂದಿಗೆ ಗೋಣಿಚೀಲದ ಚೂರು ತುರುಕುತ್ತಿದ್ದ. ಮೇಲೆಲ್ಲೋ ಕಟ್ಟುಕಂಬಿ ಟಪ್ ಅಂತು. ಹಲಗೆ ಹೊಟ್ಟೆ ಬಿಟ್ಟಿತು. ಅಷ್ಟೇ, ಹುಡುಗ ಸೊಂಟದವರೆಗೂ ಹೂತುಹೋದ. ಬಾಂಡ್ಲಿಯಲ್ಲಿ, ಕೈಯಲ್ಲಿ ತೋಡಿ ಎಳೆದೆವು. ಮೂಳೆಗೇನೂ ಆಗಿರಲಿಲ್ಲ. "ಕಾಲು ಉರೀತದೆ ಅಣ್ಣ" ಅನ್ನುತ್ತಲೇ ಇದ್ದ. ಸಂಜೆ ಪ್ಯಾಂಟ್ ಬಿಚ್ಚಿದಾಗ ಮಂಡಿ ಹತ್ತಿರ ಚರ್ಮವೂ ಜೊತೆಗೇ ಎದ್ದು ಬಂತು. ಹಸಿ ಸಿಮೆಂಟು ಸುಡುತ್ತದೆ ಕಣಮ್ಮ, ಸುಣ್ಣ ಸುಟ್ಟ ಹಾಗೆ.

ಅದಕ್ಕೇ ಹೇಳುವುದು, ಎಲ್ಲರಿಗೂ ಗಮ್‌ಬೂಟು, ಗ್ಲೌಸು. ಒಂದೂವರೆ ಅಡಿ, ಎರಡಡಿ ವರಸೆಯಲ್ಲಿ ಗೋಡೆ ಉದ್ದಕ್ಕೂ ಸಮವಾಗಿ ತುಂಬುತ್ತಾ ಬನ್ನಿ. ಕೆಳಗಿನ ವರಸೆ ಬಿಗಿಯುವ ಮುಂಚೆ ಮೇಲಿನದು ಬೀಳಬೇಕು. ಐದಡಿಗಿಂತ ಎತ್ತರದಿಂದ ಬಿಟ್ಟರೆ ಜೆಲ್ಲಿ ಬೇರೆ, ಗಾರೆ ಬೇರೆ ಆಗುತ್ತದೆ, ಪೈಪು ಇಳಿಬಿಡಿ. ಕಾಂಕ್ರೀಟು ನಡುಗಿಸಿ ಗಾಳಿ ಬಿಡಿಸುವ ವೈಬ್ರೇಟರ್ ನೀಡಲ್ ಕೆಳಗಿನ ವರಸೆಗೂ ಸ್ವಲ್ಪ ಇಳಿಯಲಿ, ನಿಧಾನಕ್ಕೆ ಎತ್ತಿ. "ಗಟ್ಟಿ ಆಯ್ತು, ನೀರು ಹಾಕಿ" ಅಂತ ಯಾರಾದರೂ ಕೂಗೇ ಕೂಗುತ್ತಾರೆ. ಹಾಕಬೇಡ. 50 ಕಿಲೋ ಮೂಟೆಗೆ 25 ಲೀಟರ್ ಆಸುಪಾಸು, ಎಂ ಸ್ಯಾಂಡ್‌ನ ತೇವಾನೂ ಅದರಲ್ಲೇ ಸೇರಿತು. ಆಮೇಲೆ ಹತ್ತು ದಿನ ಒದ್ದೆ ಗೋಣಿಚೀಲ. ಮಣ್ಣು ತುಂಬಲು ಇಂಜಿನಿಯರ್ ಹೇಳುವ ತನಕ ಮುಟ್ಟಬೇಡಿ.

ಭಾಷಣ ಜಾಸ್ತಿ ಆಯ್ತು ಅಲ್ವಾ? ಟೀ ಅಂಗಡಿಯಲ್ಲಿ ಮಾತ್ರ ಬೇರೆ ರಾಗ ಹಾಡಿದ್ದೇನೆ. ಕಂಪ್ಯೂಟರ್ ಮುಂದೆ ಕೂರುವ ಹುಡುಗ ಹುಡುಗಿಯರು ನಾಟಿಗೆ ಬಂದ ಹಾಗೆ ಮುಯ್ಯಾಳಾಗಿ ಬರುತ್ತಾರೆ, ಕಂಬಿ ಕಟ್ಟಿದ್ದೂ ಅವರೇ ಅಂದಾಗ ಯಾರೂ ನಂಬಲಿಲ್ಲ. ನೀನು ಕಳಿಸಿದ ಫೋಟೋ ತೋರಿಸಿದೆ. ಕಂಬಿ ಹಲಗೆಗೆ ತಾಗದಂತೆ ಇಡುವ ಕವರ್ ಬ್ಲಾಕ್ ಕೂಡ ಸರಿಯಾಗಿ ಕೂರಿಸಿದ್ದೀಯ.

ಆದರೂ ಆ ಸಂದಿ. ಸಿಮೆಂಟ್ ಹಾಲು ಜಿನುಗಿದರೆ ಯಾರೂ ಬಗ್ಗಿ ತುರುಕಲು ಹೋಗಬೇಡಿ. ಸುರಿಯುವುದು ನಿಲ್ಲಿಸಿ, ವೈಬ್ರೇಟರ್ ಆಫ್ ಮಾಡಿ, ದೂರ ಬನ್ನಿ. ಗೋಡೆ ಹಾಳಾದರೆ ಹಾಳಾಗಲಿ. ನಿನ್ನ ಸ್ನೇಹಿತರ ಅಪ್ಪ ಅಮ್ಮಂದಿರಿಗೆ ನಾನು ಏನಂತ ಹೇಳಲಿ?

ಶನಿವಾರ ಸಂಜೆ ಮಂಡ್ಯದಿಂದ ಟ್ರೈನಿಗೆ ಬರುತ್ತೇನೆ. ಮಂಡಿ ನೋವು, ಏಣಿ ಹತ್ತುವುದಿಲ್ಲ, ಯಾರ ಕೆಲಸಕ್ಕೂ ಅಡ್ಡ ಬರುವುದಿಲ್ಲ. ಎರಡೂ ಕಡೆಯ ಹಲಗೆ ಬಿಗಿದು ಹಿಡಿಯುವ ಟೈ ರಾಡ್ ನಟ್ಟುಗಳನ್ನೆಲ್ಲ ಒಂದ್ಸಲ ಕೈಯಾರೆ ತಿರುಗಿಸಿ ನೋಡಬೇಕು. ನೀನು ಬೇಡ ಅಂದರೂ ಬರುತ್ತೇನೆ.

ಅಪ್ಪಾಜಿ