ಸಂದರ್ಶನಕ್ಕೆ ಬೇಕಾಗಿರುವುದು ನಮ್ಮ ಗೋಡೌನಿನ ಲೆಕ್ಕ

ಚಿಕಾಗೋ
ಸೆಪ್ಟೆಂಬರ್ ಕೊನೇ ವಾರ

ಅಪ್ಪಾಜಿ, ಅಮ್ಮ, ಅಜ್ಜಿ, ಎಲ್ಲರಿಗೂ ನಮಸ್ಕಾರ.

ನಾನು ಇಲ್ಲಿ ಆರಾಮಾಗಿದ್ದೇನೆ. ಚಳಿ ಇನ್ನೂ ಶುರುವಾಗಿಲ್ಲ. ಊಟ ಹೊತ್ತಿಗೆ ಸರಿಯಾಗಿ ಮಾಡುತ್ತಿದ್ದೇನೆ. ಅಮ್ಮ ಕೇಳುವ ಮುಂಚೆಯೇ ಹೇಳಿಬಿಟ್ಟೆ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಅಪ್ಪಾಜಿ ಎರಡು ಸಲ "ಹೂಂ" ಅಂದು "ಇರು, ಅಮ್ಮಂಗೆ ಕೊಡ್ತೀನಿ" ಅಂತ ಕೈ ಬದಲಾಯಿಸಿಬಿಡುತ್ತಾರೆ. ಈ ಸಲ ನನಗೆ ಅಪ್ಪಾಜಿಯಿಂದಲೇ ಕೆಲಸ ಆಗಬೇಕು. ತಮ್ಮ ಇದನ್ನು ಪ್ರಿಂಟ್ ಹಾಕಿಸಿ ಅಂಗಡಿಗೆ ತಲುಪಿಸಲಿ. ಟೆಂಡರ್ ಮುಗಿದು ಮಂಡಿ ಸ್ವಲ್ಪ ತಣ್ಣಗಾದ ಮೇಲೆ ಕನ್ನಡಕ ಹಾಕಿಕೊಂಡು ಓದಿ ಅಪ್ಪಾಜಿ.

ವಿಷಯ ಇಷ್ಟು. ಇಂಟರ್ನ್‌ಶಿಪ್‌ಗೆ ಅರ್ಜಿ ಹಾಕಿದ್ದೆನಲ್ಲ, ಎರಡು ದೊಡ್ಡ ಆಡಿಟ್ ಕಂಪನಿಗಳು ಕೊನೇ ಸುತ್ತಿಗೆ ಕರೆದಿವೆ. ಡೆಲಾಯ್ಟ್, ಪಿಡಬ್ಲ್ಯುಸಿ, ಇವೈ, ಕೆಪಿಎಂಜಿ, ಈ ನಾಲ್ಕನ್ನು ಇಲ್ಲಿ ಬಿಗ್ ಫೋರ್ ಅನ್ನುತ್ತಾರೆ. ಅದರಲ್ಲಿ ಯಾವ ಎರಡು ಅಂತ ಈಗ ಹೇಳುವುದಿಲ್ಲ. ಹೇಳಿದರೆ ಸಂಜೆಯೊಳಗೆ ಚಿಕ್ಕಪ್ಪನ ಬಾಯಿಂದ ಇಡೀ ಪಿ.ಜೆ. ಬಡಾವಣೆಗೆ ಗೊತ್ತಾಗಿರುತ್ತದೆ.

ಇಂಟರ್ನ್‌ಶಿಪ್ ಅಂದರೆ ಏನು ಅಂತ ಚಿಕ್ಕಪ್ಪ ಕೇಳಿದರೆ ಹೀಗೆ ಹೇಳಿ. ನಮ್ಮಲ್ಲಿ ಸಿಎ ಓದುವ ಹುಡುಗರು ಆಡಿಟರ್ ಆಫೀಸಿನಲ್ಲಿ ಆರ್ಟಿಕಲ್‌ಶಿಪ್ ಮಾಡುತ್ತಾರಲ್ಲ, ಸುಮಾರು ಅದೇ ಥರ. ಆದರೆ ವರ್ಷಗಟ್ಟಲೆ ಇಲ್ಲ, ಎರಡು ಎರಡೂವರೆ ತಿಂಗಳು, ಅದೂ ಹೆಚ್ಚಾಗಿ ಜನವರಿಯಿಂದ ಮಾರ್ಚ್‌ವರೆಗೆ. ನಮಗೆ ಮಾರ್ಚ್ 31 ಹೇಗೋ ಇಲ್ಲಿನ ಬಹಳಷ್ಟು ಕಂಪನಿಗಳಿಗೆ ಡಿಸೆಂಬರ್ 31 ಹಾಗೆ. ಷೇರು ಪೇಟೆಯಲ್ಲಿರುವ ತೀರಾ ದೊಡ್ಡ ಕಂಪನಿಗಳು ಅಲ್ಲಿಂದ 60 ದಿನದೊಳಗೆ ಆಡಿಟ್ ಆದ ಲೆಕ್ಕವನ್ನು ಸರ್ಕಾರಕ್ಕೆ ಕೊಡಲೇಬೇಕು. ಆಗ ಆಡಿಟರ್‌ಗಳಿಗೆ ಹಗಲು ರಾತ್ರಿ ಕೆಲಸ, ಎಷ್ಟು ಜನ ಇದ್ದರೂ ಸಾಲದು. ನಮ್ಮನ್ನು ಕರೆದುಕೊಳ್ಳುವುದು ಆ ಗಡಿಬಿಡಿಗೇ. ಅಲ್ಲಿ ಕೆಲಸ ಮೆಚ್ಚಿದರೆ ಕಾಯಂ ನೌಕರಿಯ ಆಫರ್ ಹೆಚ್ಚಾಗಿ ಅಲ್ಲಿಂದಲೇ ಬರುತ್ತದೆ. ಅದಕ್ಕೇ ಇಷ್ಟು ಪೈಪೋಟಿ. ನನ್ನಂಥವರಿಗೆ ಇನ್ನೊಂದು ಗಂಟೂ ಇದೆ. ಮುಂದೆ ವೀಸಾಕ್ಕೆ ಕಂಪನಿ ಸ್ಪಾನ್ಸರ್ ಮಾಡಬೇಕಾಗುತ್ತದಾ ಅಂತ ಅರ್ಜಿಯಲ್ಲೇ ಕೇಳುತ್ತಾರೆ. ಹೌದು ಅಂತ ಬರೆದೆ. ಬರೆದೂ ಇಲ್ಲಿವರೆಗೆ ಬಂದಿದ್ದೇನೆ.

ಮೊದಲ ಸುತ್ತಿನಲ್ಲಿ ಎದುರಿಗೆ ಮನುಷ್ಯರೇ ಇರಲಿಲ್ಲ. ಲ್ಯಾಪ್‌ಟಾಪ್ ಪರದೆಯ ಮೇಲೆ ಪ್ರಶ್ನೆ ಬರುತ್ತದೆ, ಕ್ಯಾಮೆರಾ ನೋಡಿಕೊಂಡು ಉತ್ತರ ಹೇಳಬೇಕು. ಗೋಡೆಗೆ ಮಾತಾಡಿದ ಹಾಗೆ. ಕೊನೇ ಸುತ್ತು ಹಾಗಲ್ಲ. ಹಿಂದಿನ ಸಂಜೆ ಊಟಕ್ಕೆ ಕರೆಯುತ್ತಾರೆ. ಮರುದಿನ ಆಫೀಸಿನಲ್ಲಿ ಮ್ಯಾನೇಜರ್ ಒಬ್ಬರು, ಪಾರ್ಟ್‌ನರ್ ಒಬ್ಬರು, ಬೇರೆ ಬೇರೆಯಾಗಿ ಅರ್ಧ ಮುಕ್ಕಾಲು ಗಂಟೆ ಕೂರಿಸಿಕೊಳ್ಳುತ್ತಾರೆ.

ಅಲ್ಲಿ ಜರ್ನಲ್ ಎಂಟ್ರಿ, ಸವಕಳಿ ಲೆಕ್ಕ ಎಲ್ಲ ಕೇಳುವುದು ತುಂಬಾ ಕಡಿಮೆ. ಅದು ಮಾರ್ಕ್ಸ್ ಕಾರ್ಡಿನಲ್ಲಿ ಇದ್ದೇ ಇದೆಯಲ್ಲ. ಅವರು ಕೇಳುವುದು ನಮ್ಮ ಜೀವನದ್ದು. "ಗುಂಪಿನಲ್ಲಿ ಜಗಳ ಆದಾಗ ನೀನು ಏನು ಮಾಡಿದೆ?" "ತಪ್ಪು ಅಂತ ಗೊತ್ತಿದ್ದ ಕೆಲಸ ಮಾಡು ಅಂತ ಯಾರಾದರೂ ಒತ್ತಾಯ ಮಾಡಿದ್ದರಾ?" "ಆಡಿಟ್ಟೇ ಯಾಕೆ, ಟ್ಯಾಕ್ಸ್ ಯಾಕಲ್ಲ?" ಇಂಥವು. ಉತ್ತರಕ್ಕೆ ಒಂದು ವರಸೆಯೂ ಇದೆ. ಪರಿಸ್ಥಿತಿ ಏನಿತ್ತು, ನಿನ್ನ ಪಾಲಿಗೆ ಏನು ಬಂತು, ನೀನು ಏನು ಮಾಡಿದೆ, ಕೊನೆಗೆ ಏನಾಯಿತು. ಎಲ್ಲರೂ ಇದನ್ನೇ ಕಲಿತು ಬಂದಿರುತ್ತಾರೆ, ಹಾಗಾಗಿ ಎಲ್ಲರ ಕಥೆಯೂ ಒಂದೇ ಥರ ಕೇಳಿಸುತ್ತದೆ. ಕ್ಲಾಸಿನವರ ಮಾತು ಕೇಳಿ ನಾನೂ ಕಾಲೇಜಿನ ಗ್ರೂಪ್ ಪ್ರಾಜೆಕ್ಟ್ ಕಥೆಯನ್ನೇ ತಯಾರು ಮಾಡಿದ್ದೆ. ನಮಗೆ ಸಂದರ್ಶನದ ಅಭ್ಯಾಸ ಮಾಡಿಸುವ ಮೇಡಂ ನಡುವೆಯೇ ಕೈ ಎತ್ತಿ ನಿಲ್ಲಿಸಿದರು. "ಅಪ್ಪನ ಅಂಗಡಿಯಲ್ಲಿ ಲೆಕ್ಕ ಬರೆದಿದ್ದೆ ಅಂತ ರೆಸ್ಯೂಮೆಯ ಕೊನೇ ಸಾಲಿನಲ್ಲಿ ಹಾಕಿದ್ದೀಯಲ್ಲ, ಅದೇನು ಹೇಳು" ಅಂದರು.

ಆ ಮಾರ್ಚ್‌ನ ದಾಸ್ತಾನು ಎಣಿಕೆಯ ಕಥೆ ಹೇಳಿದೆ. ನೆನಪಿದೆಯಾ ಅಪ್ಪಾಜಿ? ನಾನು ಬಿ.ಕಾಂ. ಎರಡನೇ ವರ್ಷದಲ್ಲಿದ್ದೆ. ಪುಸ್ತಕದಲ್ಲಿ ಇದ್ದಷ್ಟು ಮೆಕ್ಕೆಜೋಳ ಗೋಡೌನಿನಲ್ಲಿ ಇರಲಿಲ್ಲ. ಗುಮಾಸ್ತರು ಮಾತಾಡದೆ ಹಮಾಲರ ಕಡೆ ಕಣ್ಣು ತೋರಿಸಿದರು. ನೀವು ಅದನ್ನು ನಂಬಲೂ ಇಲ್ಲ, ಅವರನ್ನು ಬೈಯಲೂ ಇಲ್ಲ. "ಲೆಕ್ಕ ಸಿಗೋವರೆಗೂ ಯಾರ ಹೆಸರೂ ಎತ್ತಬ್ಯಾಡ್ರಿ" ಅಂದು ಪುಸ್ತಕವನ್ನು ನನ್ನ ಕಡೆ ತಳ್ಳಿದಿರಿ.

ನಾನು ಏಣಿ ಹಾಕಿಕೊಂಡು ಮೇಲೆ ಹತ್ತಿದೆ. ಪೇರಿಸಿದ ಚೀಲಗಳ ನಡುವೆ ಪೊಳ್ಳು ಇದೆಯಾ ಅಂತ ನೋಡಿ ಮತ್ತೆ ಎಣಿಸಿದೆ. ಮೈಯೆಲ್ಲ ಹೊಟ್ಟು, ಧೂಳು. ಎಣಿಕೆ ಬದಲಾಗಲಿಲ್ಲ. ಆಮೇಲೆ ಮಾಲು ಬಂದಾಗ ಬರೆಯುವ ಪುಸ್ತಕ ತೆಗೆದು ಒಂದೊಂದೇ ಲಾಟು ತಾಳೆ ನೋಡಿದೆ. ಪ್ರತಿ ಲಾಟಿನ ಪಕ್ಕ ನೀವು ಪೆನ್ಸಿಲ್‌ನಲ್ಲಿ ತೇವಾಂಶ ಗುರುತು ಹಾಕಿದ್ದಿರಿ. ಒಣಗಿ ಬಂದ ಲಾಟುಗಳು ಸರಿಯಾಗಿ ತಾಳೆ ಆದವು. ಕಮ್ಮಿ ಬಿದ್ದಿದ್ದು ಒದ್ದೆ ಇದ್ದ ಲಾಟುಗಳಲ್ಲಿ ಮಾತ್ರ. ಕದಿಯುವವರು ಒದ್ದೆ ಚೀಲವನ್ನೇ ಹುಡುಕಿ ಕದಿಯುತ್ತಾರಾ? ಆ ಮಾಲನ್ನು ಕಣದಲ್ಲಿ ಹರವಿ ಒಣಗಿಸಿ ಮತ್ತೆ ಚೀಲ ತುಂಬಿಸಿದ್ದೆವು. ಪುಸ್ತಕದಲ್ಲಿ ಮಾತ್ರ ಬಂದ ದಿನದ ತೂಕವೇ ಉಳಿದಿತ್ತು. ನೀವೇ ಲೆಕ್ಕ ಹಾಕಿ ತೋರಿಸಿದಿರಿ. 18 ಪರ್ಸೆಂಟ್ ತೇವ ಇರುವ 100 ಕ್ವಿಂಟಲ್ ಮಾಲು ಒಣಗಿ 14ಕ್ಕೆ ಇಳಿದರೆ ಉಳಿಯುವುದು 95 ಕ್ವಿಂಟಲ್ ಮೇಲೆ ಚೂರು. ಹೆಚ್ಚುಕಮ್ಮಿ ಐದು ಕ್ವಿಂಟಲ್ ಗಾಳಿಗೆ ಹೋಯಿತು, ಹಮಾಲರ ಮನೆಗಲ್ಲ.

ಮೇಡಂ ಕುರ್ಚಿ ಮುಂದಕ್ಕೆ ಎಳೆದುಕೊಂಡು ಕೇಳಿದರು. "ಇದೇ ನಿನ್ನ ಕಥೆ. ಬೇರೆ ಏನೂ ಬೇಡ" ಅಂದರು.

ಯಾಕೆ ಅಂತ ನನಗೆ ಆಮೇಲೆ ಹೊಳೆಯಿತು. ನೀವು ಅಂಗಡಿಯಲ್ಲಿ ಸಹಜವಾಗಿ ಮಾಡಿದ್ದು ಇಲ್ಲಿ ಪಾಠ. ಆಡಿಟರ್ ಆದವರು ಕಂಪನಿಯವರನ್ನು ಕಳ್ಳರು ಅಂದುಕೊಳ್ಳಬಾರದು, ಪೂರ್ತಿ ಸಾಚಾ ಅಂತಲೂ ಅಂದುಕೊಳ್ಳಬಾರದು, ಸಾಕ್ಷಿ ನೋಡಬೇಕು ಅಂತ ಇಲ್ಲಿನ ಆಡಿಟ್ ನಿಯಮದಲ್ಲೇ ಇದೆ. ದಾಸ್ತಾನು ಪರೀಕ್ಷೆಯನ್ನೂ ಎರಡು ಕಡೆಯಿಂದ ಮಾಡಿಸುತ್ತಾರೆ. ಪುಸ್ತಕದಲ್ಲಿ ಇರುವುದು ಗೋಡೌನಿನಲ್ಲಿ ಇದೆಯಾ, ಗೋಡೌನಿನಲ್ಲಿ ಇರುವುದು ಪುಸ್ತಕದಲ್ಲಿ ಇದೆಯಾ.

ಇಲ್ಲಿನವರು ಇದನ್ನು ಪೆಟ್ಟು ತಿಂದೇ ಕಲಿತಿದ್ದು. 1938ರಲ್ಲಿ ಮೆಕೆಸನ್ ಅಂಡ್ ರಾಬಿನ್ಸ್ ಅನ್ನುವ ಔಷಧಿ ಕಂಪನಿಯಲ್ಲಿ ಇಲ್ಲದ ದಾಸ್ತಾನನ್ನು ಇದೆ ಅಂತ ತೋರಿಸಿದ್ದು ಬಯಲಾಯಿತು. ಅಲ್ಲಿವರೆಗೆ ಆಡಿಟರ್‌ಗಳು ಗೋಡೌನಿಗೆ ಹೋಗಿ ನೋಡಲೇಬೇಕು ಅಂತ ಇರಲಿಲ್ಲ, ಆಮೇಲೆ ಕಡ್ಡಾಯ ಆಯಿತು. 1963ರದ್ದು ಅಜ್ಜಿಗೆ ಓದಿ ಹೇಳಿ, ಚಳ್ಳಕೆರೆಯವರಿಗೆ ಎಣ್ಣೆ ವ್ಯಾಪಾರ ಚೆನ್ನಾಗಿ ಅರ್ಥ ಆಗುತ್ತದೆ. ಒಬ್ಬ ವ್ಯಾಪಾರಿ ದೊಡ್ಡ ದೊಡ್ಡ ಟ್ಯಾಂಕುಗಳ ತುಂಬ ನೀರು ಹಾಕಿ, ಮೇಲೆ ಮಾತ್ರ ಸೋಯಾ ಎಣ್ಣೆ ತೇಲಿಸಿ, ಅದನ್ನೇ ತೋರಿಸಿ ಕೋಟಿಗಟ್ಟಲೆ ಸಾಲ ಎತ್ತಿದ್ದ. ನೋಡಲು ಬಂದವರು ಮೇಲಿನ ಎಣ್ಣೆ ನೋಡಿ ಹೋದರು. ಅಜ್ಜಿ ಆಗಿದ್ದರೆ ತಳದ ತನಕ ಕೋಲು ಇಳಿಸಿ ನೋಡುತ್ತಿದ್ದರು, ಅಲ್ವಾ?

ಈ ಊರಿಗೂ ಒಂದು ಕಥೆ ಇದೆ. ಮೊದಲು ನಾಲ್ಕಲ್ಲ, ಐದು ದೊಡ್ಡ ಕಂಪನಿಗಳಿದ್ದವು. ಐದನೆಯದು ಆರ್ಥರ್ ಆಂಡರ್ಸನ್, 1913ರಲ್ಲಿ ಇದೇ ಚಿಕಾಗೋದಲ್ಲಿ ಶುರುವಾಗಿದ್ದು. 2001ರಲ್ಲಿ ಎನ್ರಾನ್ ಅನ್ನುವ ದೊಡ್ಡ ಇಂಧನ ಕಂಪನಿ ಲೆಕ್ಕದ ಮೋಸ ಬಯಲಾಗಿ ಮುಳುಗಿದಾಗ ಅದರ ಆಡಿಟರ್ ಇವರೇ. ಆಡಿಟ್ ಕಾಗದಗಳನ್ನು ಚೂರು ಚೂರು ಮಾಡಿದರು ಅಂತ ಕೇಸಾಗಿ 2002ರಲ್ಲಿ ಶಿಕ್ಷೆ ಆಯಿತು. 2005ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತೆಗೆದುಹಾಕಿತು. ಅಷ್ಟರಲ್ಲಿ ಕಂಪನಿಯೇ ಉಳಿದಿರಲಿಲ್ಲ. ಅದಕ್ಕೇ ಹೇಳುತ್ತಿದ್ದೇನೆ, ಅಟ್ಟದ ಮೇಲಿನ ಹಳೇ ಕಿರ್ದಿ ಪುಸ್ತಕಗಳನ್ನು ಅಮ್ಮ ಎಷ್ಟೇ ಗೊಣಗಿದರೂ ರದ್ದಿಗೆ ಹಾಕಬೇಡಿ. ಈಗ ಅದರಲ್ಲೇ ನನ್ನ ಕೆಲಸ ಇದೆ.

ಮೇಡಂ ಕಥೆ ಮೆಚ್ಚಿದ ಮೇಲೆ "ಒಟ್ಟು ಎಷ್ಟು ಮಾಲು, ಎಷ್ಟು ಕಮ್ಮಿ ಬಿದ್ದಿತ್ತು, ಅದರ ಬೆಲೆ ಎಷ್ಟು?" ಅಂತ ಕೇಳಿದರು. ನನಗೆ ಅಂದಾಜು ಅಷ್ಟೇ ನೆನಪಿದೆ. ಲೆಕ್ಕದವರ ಮುಂದೆ ಅಂದಾಜು ಹೇಳಲು ನನಗೆ ಇಷ್ಟ ಇಲ್ಲ. ಆ ವರ್ಷದ ಪುಸ್ತಕ ತೆಗೆದು, ಒದ್ದೆ ಲಾಟುಗಳಿರುವ ಪುಟಗಳ ಫೋಟೋ ವಾಟ್ಸಾಪ್ ಮಾಡಿ ಅಪ್ಪಾಜಿ. ಪೆನ್ಸಿಲ್ ಗುರುತು ಕಾಣಬೇಕು, ಬಿಸಿಲಲ್ಲಿ ಇಟ್ಟು ತೆಗೆಯಲು ತಮ್ಮನಿಗೆ ಹೇಳಿ. ಆಗ ಕ್ವಿಂಟಲ್‌ಗೆ ಏನು ರೇಟಿತ್ತು ಅನ್ನುವುದೂ ಬೇಕು. ಆಮೇಲೆ ಪುಸ್ತಕದಲ್ಲಿ ಅದನ್ನು ಹೇಗೆ ಸರಿ ಮಾಡಿದಿರಿ? ಒಣಗಿದ ತೂಕಕ್ಕೆ ಬೇರೆ ಕಾಲಂ ಹಾಕಿಸಿದ್ದು ಆ ವರ್ಷವಾ, ಮುಂದಿನ ವರ್ಷವಾ? ಇನ್ನೊಂದು ಮಾತು. ರೈತರ ಹೆಸರು, ಗುಮಾಸ್ತರ ಹೆಸರು ನಾನು ಎಲ್ಲೂ ಎತ್ತುವುದಿಲ್ಲ. ಆದರೂ ಅಂಗಡಿಯ ವಿಷಯ ಹೊರಗಿನವರ ಮುಂದೆ ಹೇಳುವುದು ನಿಮಗೆ ಸರಿ ಅನ್ನಿಸುತ್ತದಾ ಅಂತ ಹೇಳಿ. ಬೇಡ ಅಂದರೆ ಬೇರೆ ಕಥೆ ಹುಡುಕುತ್ತೇನೆ, ಬೇಜಾರಿಲ್ಲ.

ಅಮ್ಮ, ಬಟ್ಟೆ ಚಿಂತೆ ಬಿಡು. ಕಪ್ಪು ಕೋಟು, ಪ್ಯಾಂಟು ರಿಯಾಯಿತಿಯಲ್ಲಿ ಸಿಕ್ಕಿತು. ತೋಳು ಸ್ವಲ್ಪ ಉದ್ದ ಇತ್ತು, ನೀನು ಕಲಿಸಿದ ಹಾಗೆ ಒಳಗಿಂದ ಹೊಲಿಗೆ ಹಾಕಿಕೊಂಡೆ. ಸಂಜೆಯ ಊಟಕ್ಕೆ ಸಸ್ಯಾಹಾರಿ ಅಂತ ಮೊದಲೇ ಬರೆದು ತಿಳಿಸಿದ್ದೇನೆ. ನನಗೆ ಕಷ್ಟ ಅನ್ನಿಸುವುದು ಊಟ ಅಲ್ಲ, ಊಟದ ಜೊತೆಗಿನ ಮಾತು. ಹವಾಮಾನ, ಫುಟ್‌ಬಾಲ್, ರಜೆಗೆ ಎಲ್ಲಿಗೆ ಹೋಗಿದ್ದೆ ಅಂತ ಸುಮ್ನೆ ಮಾತಾಡುತ್ತಾ ಇರಬೇಕು. ರೂಮ್‌ಮೇಟ್ ಜೊತೆ ಅಭ್ಯಾಸ ಮಾಡುತ್ತಿದ್ದೇನೆ. ನಿನ್ನೆ ಊರಿನ ವಿಷಯ ಬಂದು ಬೆಣ್ಣೆ ದೋಸೆ, ಮಂಡಕ್ಕಿ ಮೆಣಸಿನಕಾಯಿ ಅಂತ ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. ಅವಳಿಗೂ ಹಸಿವಾಗಿ ಅಭ್ಯಾಸ ಅಲ್ಲಿಗೇ ನಿಂತಿತು.

ದುರ್ಗಾಂಬಿಕೆಗೆ ಹರಕೆ ಹೊರುವುದಾದರೆ ಚಿಕ್ಕದಾಗಿ ಹೊರು ಅಮ್ಮ. ಎರಡು ಕಡೆಯೂ ಆಗದೇ ಹೋಗಬಹುದು. ಆಗದಿದ್ದರೆ ಇನ್ನೂ ಸಣ್ಣ ಆಡಿಟ್ ಕಂಪನಿಗಳು ಇಲ್ಲಿ ಬೇಕಾದಷ್ಟಿವೆ, ಅವುಗಳ ಪಟ್ಟಿಯೂ ತಯಾರಿದೆ.

ಭಾನುವಾರ ನಿಮಗೆ ರಾತ್ರಿ 8 ಆದಾಗ ನನಗೆ ಬೆಳಿಗ್ಗೆ 9:30. ಆಗ ಫೋನ್ ಮಾಡುತ್ತೇನೆ. ಪುಸ್ತಕ ಪಕ್ಕದಲ್ಲೇ ಇಟ್ಟುಕೊಂಡಿರಿ ಅಪ್ಪಾಜಿ. ಮೊದಲು ನಾವಿಬ್ಬರೂ ಮಾತಾಡೋಣ, ಆಮೇಲೆ ಅಮ್ಮನಿಗೆ ಕೊಡಿ.

ನಿಮ್ಮ ಮಗಳು